ಪರ್ಸಿನ ಕ್ಯಾಮೆರಾ, ಕೊರಳಿನ ಕ್ಯಾಮೆರಾ

ನಮ್ಮ ಮನೆಯಲ್ಲಿ ಎರಡು ಕ್ಯಾಮೆರಾಗಳಿವೆ. ಒಂದು ನನ್ನದು, ಪರ್ಸಿನಲ್ಲಿ ಹಿಡಿಸುವಂಥದ್ದು. ಇನ್ನೊಂದು ನಮ್ಮ ಮನೆಯವರದು, ಅದಕ್ಕೆ ಬೀರುವಿನಲ್ಲಿ ಒಂದು ಖಾನೆಯೇ ಬೇಕು. ಎರಡರಲ್ಲಿ ಯಾವುದು ಒಳ್ಳೆಯದು ಮೇಡಂ ಎಂದು ಸ್ಟಾಫ್ ರೂಮಿನಲ್ಲಿ ಯಾರಾದರೂ ಕೇಳಿದರೆ ನಾನು ಮಾತು ಬದಲಾಯಿಸುತ್ತೇನೆ. ಉತ್ತರ ಹೇಳಹೊರಟರೆ ಗುಬ್ಬಿಯಲ್ಲಿ ನಡೆದ ಒಂದು ಮದುವೆಯ ವಿಷಯ ಹೇಳಬೇಕಾಗುತ್ತದೆ. ಅದನ್ನು ಹೇಳಲು ನನಗೆ ಇವತ್ತಿಗೂ ನಾಚಿಕೆ.

ನಾನು ಕುಣಿಗಲ್ ಕಡೆಯ ಒಂದು ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡುವವಳು. ಮನೆ ತುಮಕೂರಿನ ಮರಳೂರಿನಲ್ಲಿ. ದಿನಾ ಬಸ್ಸಿನಲ್ಲಿ ಹೋಗಿ ಬರುವುದು. ಶಾಲೆಯ ಮಕ್ಕಳನ್ನು ಟ್ರಿಪ್ಪಿಗೆ ಕರೆದುಕೊಂಡು ಹೋಗುವ ಜವಾಬ್ದಾರಿ ನನ್ನ ತಲೆಗೆ ಬಿದ್ದ ವರ್ಷ ಆ ಚಿಕ್ಕ ಕ್ಯಾಮೆರಾ ಕೊಂಡಿದ್ದೆ. ಆಗಿನ್ನೂ ಒಳ್ಳೆಯ ಫೋನು ಎಲ್ಲರ ಕೈಗೆ ಬಂದಿರಲಿಲ್ಲ. ಬೆಳ್ಳಿ ಬಣ್ಣ, ಸೋಪಿನ ಡಬ್ಬಿಯಷ್ಟು ಗಾತ್ರ, ಮಣಿಕಟ್ಟಿಗೆ ಹಾಕಿಕೊಳ್ಳಲು ಒಂದು ಕಪ್ಪು ದಾರ. ಆನ್ ಮಾಡಿದರೆ ಝುಯ್ ಎಂದು ಮೂತಿ ಹೊರಗೆ ಚಾಚುತ್ತದೆ, ಆಫ್ ಮಾಡಿದರೆ ಒಳಕ್ಕೆ ಎಳೆದುಕೊಳ್ಳುತ್ತದೆ.

ಅದರ ದೋಷಗಳು ನನಗೆ ಚೆನ್ನಾಗಿ ಗೊತ್ತು. ಗುಂಡಿ ಒತ್ತಿದ ಮೇಲೆ ಅದು ಒಂದಿಷ್ಟು ಯೋಚನೆ ಮಾಡಿ ಫೋಟೋ ತೆಗೆಯುತ್ತದೆ. ಅಷ್ಟರಲ್ಲಿ ನಗುತ್ತಿದ್ದವರು ನಕ್ಕು ಮುಗಿಸಿ ಬೇರೆ ಕಡೆ ತಿರುಗಿರುತ್ತಾರೆ. ಫ್ಲ್ಯಾಶ್ ಹೊಡೆದರೆ ಎಲ್ಲರ ಕಣ್ಣೂ ಕೆಂಪು. ಹೊಡೆಯದಿದ್ದರೆ ಎಲ್ಲರೂ ಮಸುಕು. ಆದರೂ ಅದರಲ್ಲಿ ಒಂದು ಅನುಕೂಲವಿತ್ತು. ಯಾರ ಕೈಗೆ ಬೇಕಾದರೂ ಕೊಡಬಹುದಿತ್ತು. ಬಸ್ಸಿನ ಕಂಡಕ್ಟರಿಗೆ, ಅಡುಗೆಯವರಿಗೆ, ಹೂ ಮಾರುವ ಹೆಂಗಸಿಗೆ, "ಸ್ವಲ್ಪ ಇಲ್ಲಿ ಒತ್ತಿ" ಎಂದರೆ ಸಾಕು, ಒತ್ತಿ ಕೊಡುತ್ತಿದ್ದರು. ತಲೆ ಅರ್ಧ ಹೋಗಿರುತ್ತಿತ್ತು, ಮಾತು ಬೇರೆ. ಆದರೆ ಆ ಫೋಟೋಗಳಲ್ಲಿ ನಾವೂ ಇರುತ್ತಿದ್ದೆವು.

ನಮ್ಮ ಮನೆಯವರು ಕರೆಂಟ್ ಆಫೀಸಿನಿಂದ ರಿಟೈರ್ ಆದವರು. ಕೆಲಸದಲ್ಲಿದ್ದಷ್ಟು ದಿನ ಹಬ್ಬವಿಲ್ಲ ಹುಣ್ಣಿಮೆಯಿಲ್ಲ, ಎಲ್ಲಿ ತಂತಿ ಹರಿದರೂ ಇವರು ಓಡಬೇಕಿತ್ತು. ರಿಟೈರ್ ಆದ ಮೇಲೆ ಮನೆಯಲ್ಲಿ ಕುಳಿತು ನನ್ನ ಅಡುಗೆಮನೆಯ ಸ್ವಿಚ್‌ಗಳನ್ನೆಲ್ಲ ಬಿಚ್ಚಿ ಮತ್ತೆ ಹಾಕತೊಡಗಿದರು. ಇದು ಹೀಗೇ ಮುಂದುವರಿದರೆ ನಾನು ಮನೆ ಬಿಟ್ಟು ಹೋಗಬೇಕಾಗುತ್ತದೆ ಅಂದುಕೊಳ್ಳುತ್ತಿರುವಾಗ, ಒಂದು ದಿನ ದೊಡ್ಡ ಪೆಟ್ಟಿಗೆ ತಂದು ಡೈನಿಂಗ್ ಟೇಬಲ್ಲಿನ ಮೇಲೆ ಇಟ್ಟರು. ಕೈ ತೊಳೆದುಕೊಂಡು ಬಂದು, ಟವಲ್ಲಿನಲ್ಲಿ ಒರೆಸಿಕೊಂಡು, ಆಮೇಲೆ ಬಿಚ್ಚಿದರು.

"ಮಿರರ್‌ಲೆಸ್ ಕಣೇ ಇದು. ಪ್ರೊಫೆಷನಲ್ಸ್ ಇಟ್ಕೊಳೋದು. ಒಳಗೆ ಕನ್ನಡಿ ಇರಲ್ಲ."

"ಇಲ್ದೇ ಇರೋದಕ್ಕೆ ಯಾಕ್ರೀ ಅಷ್ಟೊಂದು ಖುಷಿ?" ಅಂದೆ.

ಅವರು ತಾಳ್ಮೆಯಿಂದ ವಿವರಿಸಿದರು. ಹಿಂದಿನ ದೊಡ್ಡ ಕ್ಯಾಮೆರಾಗಳ ಒಳಗೆ ಒಂದು ಕನ್ನಡಿ ಇರುತ್ತಿತ್ತಂತೆ, ಪ್ರತಿ ಫೋಟೋಕ್ಕೂ ಅದು ಟಪ್ ಎಂದು ಮೇಲೆದ್ದು ಬೀಳಬೇಕಿತ್ತಂತೆ. ಇದರಲ್ಲಿ ಆ ರಗಳೆ ಇಲ್ಲ, ಸದ್ದೂ ಇಲ್ಲ. ಕಣ್ಣಿಗೆ ಇಟ್ಟುಕೊಂಡರೆ ಒಳಗಿನ ಪುಟ್ಟ ಪರದೆಯಲ್ಲಿ ಫೋಟೋ ಹೇಗೆ ಬರುತ್ತದೋ ಹಾಗೇ ಕಾಣುತ್ತದೆ. ಮನುಷ್ಯರ ಕಣ್ಣನ್ನು ಅದೇ ಹುಡುಕಿಕೊಂಡು ಹೋಗುತ್ತದೆ. ನನ್ನನ್ನು ಕಿಟಕಿಯ ಹತ್ತಿರ ನಿಲ್ಲಿಸಿ, ಹಿಂಬದಿಯ ಪರದೆಯನ್ನು ನನ್ನ ಕಡೆ ತಿರುಗಿಸಿ ತೋರಿಸಿದರು. ಒಂದು ಹಸಿರು ಚೌಕ ನನ್ನ ಕಣ್ಣಿನ ಮೇಲೆ ಬಂದು ಕುಳಿತಿತು. ತಲೆ ಅಲ್ಲಾಡಿಸಿದರೂ ಬಿಡಲಿಲ್ಲ. ಮದುವೆಯಾದಾಗಿನಿಂದ ಇವರು ನನ್ನ ಕಣ್ಣನ್ನು ಅಷ್ಟು ಹೊತ್ತು ನೋಡಿದ್ದು ನನಗೆ ನೆನಪಿಲ್ಲ.

ಆಮೇಲೆ ಶುರುವಾಯಿತು ಹೋಲಿಕೆ. ಒಂದು ಭಾನುವಾರ ಇಬ್ಬರೂ ತಾರಸಿ ಹತ್ತಿ, ಪಕ್ಕದ ಮನೆಯ ತೆಂಗಿನ ಮರವನ್ನು ನಾನು ನನ್ನ ಕ್ಯಾಮೆರಾದಲ್ಲಿ, ಅವರು ಅವರ ಕ್ಯಾಮೆರಾದಲ್ಲಿ ತೆಗೆದೆವು. ಕೆಳಗೆ ಬಂದು ಕಂಪ್ಯೂಟರಿಗೆ ಹಾಕಿದರು. ದೂರದಿಂದ ಎರಡೂ ತೆಂಗಿನ ಮರವೇ. ಅವರು ದೊಡ್ಡದು ಮಾಡುತ್ತಾ ಹೋದರು. ಅವರ ಫೋಟೋದಲ್ಲಿ ಗರಿಯ ಮೇಲೆ ಕುಳಿತ ಅಳಿಲಿನ ಮೀಸೆ ಕಾಣಿಸಿತು. ನನ್ನದರಲ್ಲಿ ಅಳಿಲು ಎಲ್ಲಿದೆಯೆಂದೇ ತಿಳಿಯಲಿಲ್ಲ, ಗರಿಯೆಲ್ಲ ಬಣ್ಣ ಹಾಕಿದ ಉಪ್ಪಿಟ್ಟಿನ ಹಾಗೆ ಕಾಳುಕಾಳಾಗಿತ್ತು.

"ನೋಡ್ದಾ? ಇಷ್ಟು ವರ್ಷ ಇದ್ರಲ್ಲಿ ತೆಗ್ದಿದೀಯಲ್ಲ, ಪಾಪ" ಅಂದರು.

ಅವರು ಅಣಕಿಸಲಿಲ್ಲ, ನಿಜವಾಗಿ ಮರುಗಿದರು. ಅದೇ ನನಗೆ ಚುಚ್ಚಿತು. ಇಷ್ಟು ವರ್ಷ ಹೆಮ್ಮೆಯಿಂದ ಹತ್ತು ಜನರ ಮುಂದೆ ಚಾಚಿದ್ದ ಆ ಬೆಳ್ಳಿ ಡಬ್ಬಿಯ ಬಗ್ಗೆ ಅವತ್ತು ನಾಚಿಕೆಯಾಯಿತು. ಅದನ್ನು ಪರ್ಸಿನಿಂದ ತೆಗೆದು ಬೀರುವಿನಲ್ಲಿ ಹಳೆ ಸೀರೆಗಳ ಕೆಳಗೆ ಇಟ್ಟೆ. ಅದು ಮತ್ತೆ ಹೊರಗೆ ಬರಲಿಲ್ಲ.

ಇವರ ಉತ್ಸಾಹಕ್ಕೆ ಮಾತ್ರ ಕೊನೆಯಿರಲಿಲ್ಲ. ಬೆಳಗಾಗುವ ಮೊದಲೇ ಎದ್ದು ಹುತ್ರಿದುರ್ಗದ ಬೆಟ್ಟಕ್ಕೆ ಹೋಗಿ ಮಂಜು ತೆಗೆದುಕೊಂಡು ಬಂದರು. ಮಂಡಿನೋವಿದ್ದ ಮನುಷ್ಯ ಅಷ್ಟು ಭಾರದ ಬ್ಯಾಗು ಹೊತ್ತು ಕೋಟೆ ಹತ್ತಿದ್ದಕ್ಕೆ ನನಗೆ ಒಳಗೊಳಗೆ ಸಂತೋಷವೇ ಆಯಿತು. ಬೇರೆ ಬೇರೆ ಲೆನ್ಸುಗಳು ಬಂದವು. ದೂರದ್ದಕ್ಕೆ ಒಂದು, ಹತ್ತಿರದ್ದಕ್ಕೆ ಒಂದು. ಲೆನ್ಸು ಬದಲಾಯಿಸುವಾಗ ಫ್ಯಾನು ಆಫ್ ಮಾಡಬೇಕು, ಒಳಗೆ ಧೂಳು ಬಿದ್ದರೆ ಪ್ರತಿ ಫೋಟೋದಲ್ಲೂ ಕಪ್ಪು ಚುಕ್ಕೆ ಬರುತ್ತದೆ. ನಾನು ಬೆವರುತ್ತಾ ಕುಳಿತಿರಬೇಕು. ಯಾರಿಗೂ ಅದನ್ನು ಮುಟ್ಟಲು ಕೊಡುತ್ತಿರಲಿಲ್ಲ. ಕೊಟ್ಟರೂ ಅಷ್ಟೊಂದು ಗುಂಡಿಗಳಲ್ಲಿ ಯಾವುದನ್ನು ಒತ್ತಬೇಕೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಹಾಗಾಗಿ ಆ ಕ್ಯಾಮೆರಾ ಬಂದ ಮೇಲೆ ನಮ್ಮ ನೆಂಟರಿಷ್ಟರ ಯಾವ ಫೋಟೋದಲ್ಲೂ ಇವರಿಲ್ಲ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರೀಲಿ ಕೊಡೆ ಹಿಡಿದನಂತೆ ಎಂದು ನಾನು ಛೇಡಿಸಿದರೆ ಇವರು ಬಿದ್ದುಬಿದ್ದು ನಗುತ್ತಿದ್ದರು.

ಇಲ್ಲಿ ನನ್ನ ನಾದಿನಿಯ ವಿಷಯ ಹೇಳಬೇಕು. ಇವರಿಗೆ ಒಬ್ಬಳೇ ತಂಗಿ. ಅವಳನ್ನು ಗುಬ್ಬಿ ಹತ್ತಿರದ ಹಳ್ಳಿಗೆ ಕೊಟ್ಟಿದೆ. ತೆಂಗಿನ ತೋಟ, ರಾಗಿ ಹೊಲ, ಇಬ್ಬರು ಹೆಣ್ಣುಮಕ್ಕಳು. ನಮಗೆ ಮಕ್ಕಳಾಗಲಿಲ್ಲ. ಅವಳ ಇಬ್ಬರು ಮಕ್ಕಳೂ ಓದಿದ್ದು ತುಮಕೂರಿನಲ್ಲಿ, ನಮ್ಮ ಮನೆಯಲ್ಲಿ ಇದ್ದುಕೊಂಡು. ಅವರ ಜಡೆ ಹಾಕಿದವಳು ನಾನು, ಸೈಕಲ್ ಕಲಿಸಿದವರು ಇವರು. ಅತ್ತೆ ಮಾವ ಎಂದು ಕರೆಯುತ್ತಿದ್ದರೂ ನಮ್ಮ ಮಟ್ಟಿಗೆ ಅವರು ನಮ್ಮ ಮಕ್ಕಳೇ.

ನಮ್ಮ ಕಡೆ ಮದುಮಗಳನ್ನು ಮಂಟಪಕ್ಕೆ ಕರೆದು ತರುವವನು ಸೋದರಮಾವ, ತಾಯಿಯ ಅಣ್ಣನೋ ತಮ್ಮನೋ. ಹಿಂದೆ ಎತ್ತಿಕೊಂಡೇ ಬರುತ್ತಿದ್ದರಂತೆ, ಈಗ ತೋಳು ಹಿಡಿದು ನಡೆಸಿಕೊಂಡು ಬರುತ್ತಾರೆ. ಧಾರೆ ಎರೆಯುವುದು ಅಪ್ಪನದಾದರೆ, ಕೋಣೆಯ ಬಾಗಿಲಿನಿಂದ ಹಸೆಮಣೆಯವರೆಗಿನ ಆ ನಾಲ್ಕು ಹೆಜ್ಜೆ ಸೋದರಮಾವನದು. ಈ ಹುಡುಗಿಯ ಬೆನ್ನಿಗೆ ಅವಳ ಅಮ್ಮನ ತವರು ನಿಂತಿದೆ ಎಂದು ಗಂಡಿನ ಕಡೆಯವರು ಕಣ್ಣಾರೆ ನೋಡುವುದು ಅಲ್ಲೇ.

ದೊಡ್ಡವಳ ಮದುವೆಯಲ್ಲಿ ಇವರು ಅವಳನ್ನು ಕರೆದು ತಂದಿದ್ದರು. ಆಗ ಇನ್ನೂ ನನ್ನ ಚಿಕ್ಕ ಕ್ಯಾಮೆರಾದ ಕಾಲ. ಕಳಸ ಹಿಡಿದಿದ್ದ ನಾನು ಕ್ಯಾಮೆರಾವನ್ನು ಪಕ್ಕದಲ್ಲಿದ್ದ ಯಾರ ಕೈಗೋ ತುರುಕಿದ್ದೆ. ಅವರು ತೆಗೆದ ಫೋಟೋದಲ್ಲಿ ಹುಡುಗಿಯ ಮೂಗುತಿಯ ಹತ್ತಿರ ಫ್ಲ್ಯಾಶಿನ ಬಿಳಿ ಮಚ್ಚೆ, ಇವರ ಕಣ್ಣು ಬೆಂಕಿಯ ಹಾಗೆ ಕೆಂಪು. ಅತ್ತು ಕೆಂಪಾಗಿತ್ತೋ ಫ್ಲ್ಯಾಶಿಗೆ ಕೆಂಪಾಗಿತ್ತೋ, ಆ ಫೋಟೋ ನೋಡಿ ಹೇಳಲಾಗುವುದಿಲ್ಲ. ನಾನು ಅಲ್ಲೇ ಇದ್ದೆ. ಅತ್ತಿದ್ದರು.

ಚಿಕ್ಕವಳ ಮದುವೆ ಗೊತ್ತಾದಾಗ ನಾದಿನಿ ವೀಳ್ಯದೆಲೆ, ಅಡಿಕೆ, ಲಗ್ನಪತ್ರಿಕೆ ಹಿಡಿದು ಮರಳೂರಿಗೆ ಬಂದಳು. ಗಂಡು ಗುಬ್ಬಿ ಹತ್ತಿರದ ಬಿದರೆಹಳ್ಳಿ ಕಾವಲ್‌ನ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ, ಅವನ ಮನೆ ಕುಣಿಗಲ್ಲಿನಲ್ಲಿ. ಮದುವೆ ಗುಬ್ಬಿಯ ಕಲ್ಯಾಣಮಂಟಪದಲ್ಲಿ.

"ಅಣ್ಣ, ಇವ್ಳನ್ನೂ ನೀನೇ ಕರ್ಕೊಂಡ್ ಬರ್ಬೇಕು. ನಿಂಗೆ ಅಂತ ಪೇಟ ತರ್ಸಿದೀನಿ" ಅಂದಳು.

"ಅದಕ್ಕೇನ್ ಬುಡು, ನಾನಿಲ್ವಾ. ಫೋಟೋನೂ ನಂದೇ. ಆ ಎಂಟ್ರಿ ಹೆಂಗ್ ತೆಗೀತೀನಿ ನೋಡು ನೀನು" ಅಂದರು ಇವರು.

ಕರೆದುಕೊಂಡು ಬರುವವನೇ ಅದರ ಫೋಟೋ ಹೇಗೆ ತೆಗೆದಾನು? ಅದು ಆ ಹೊತ್ತಿಗೆ ನಾದಿನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಮೂವರೂ ನಗುತ್ತಾ ಕಾಫಿ ಕುಡಿದೆವು.

ಮದುವೆಯ ದಿನ ಇವರು ಜರಿ ಪಂಚೆ, ಶಲ್ಯ, ತಲೆಗೆ ಮೈಸೂರು ಪೇಟ, ಕೊರಳಿಗೆ ಕ್ಯಾಮೆರಾ. ಸೊಂಟದಲ್ಲಿ ಲೆನ್ಸಿನ ಚೀಲ. ದುಡ್ಡು ಕೊಟ್ಟು ಕರೆಸಿದ ಫೋಟೋದವರು ಬೇರೆ ಇದ್ದರು. ಅವರ ಕ್ಯಾಮೆರಾ ಇವರದಕ್ಕಿಂತ ಹಳೆಯದಂತೆ, ಬೆಳಿಗ್ಗೆಯೇ ಹೋಗಿ ನೋಡಿಕೊಂಡು ಬಂದು ನನ್ನ ಕಿವಿಯಲ್ಲಿ ಹೇಳಿದರು. ಕಣ್ಣಿಗೆ ಕ್ಯಾಮೆರಾ ಇಟ್ಟುಕೊಳ್ಳಲು ಪೇಟ ಅಡ್ಡ ಬರುತ್ತಿತ್ತು. ಎರಡು ಸಲ ಹಿಂದಕ್ಕೆ ತಳ್ಳಿದರು, ಮೂರನೆಯ ಸಲ ತೆಗೆದು ಕುರ್ಚಿಯ ಮೇಲೆ ಇಟ್ಟುಬಿಟ್ಟರು.

ಮುಹೂರ್ತ ಹತ್ತಿರವಾಯಿತು. ಗಂಡು ಮಂಟಪದಲ್ಲಿ ನಿಂತಿದ್ದ, ಅವನ ಮುಂದೆ ಅಂತರಪಟ ಹಿಡಿದಿದ್ದರು. ಈಚೆ ಕೋಣೆಯ ಬಾಗಿಲಲ್ಲಿ ನಮ್ಮ ಹುಡುಗಿ, ಎರಡು ಕೈಯಲ್ಲೂ ತೆಂಗಿನಕಾಯಿ ಹಿಡಿದುಕೊಂಡು ನಿಂತಿದ್ದಳು. ಪಕ್ಕದಲ್ಲಿ ನಾನು ಕಳಸ ಹಿಡಿದುಕೊಂಡು. ಹಿಂದೆ ಹೆಂಗಸರ ಗುಂಪು. ಇವರು ಎದುರಿಗೆ, ವೇದಿಕೆಯ ಮೆಟ್ಟಿಲ ಮೇಲೆ ಒಂದು ಮಂಡಿ ಊರಿ ಕುಳಿತಿದ್ದರು.

"ಹೆಣ್ಣಿನ ಸೋದರಮಾವ ಬರ್ಬೇಕು" ಎಂದು ಪುರೋಹಿತರು ಕರೆದರು.

ಆ ಕ್ಷಣಕ್ಕೆ ಸರಿಯಾಗಿ ಇವರು ದೂರದ ಲೆನ್ಸು ಬಿಚ್ಚಿದ್ದರು. ಹತ್ತಿರದ ಲೆನ್ಸಿನ ಮುಚ್ಚಳ ಬಾಯಲ್ಲಿ ಕಚ್ಚಿಕೊಂಡಿದ್ದರು. ಮೇಲೆ ನಾಲ್ಕೂ ಕಡೆ ಫ್ಯಾನು ತಿರುಗುತ್ತಿತ್ತು, ಗಾಳಿಯಲ್ಲಿ ಹೂವಿನ ಪುಡಿ, ಅಕ್ಷತೆಯ ಅರಿಶಿನ. ಬಾಯಿ ತೆರೆದ ಕ್ಯಾಮೆರಾವನ್ನು ಹೊಟ್ಟೆಗೆ ಅವುಚಿಕೊಂಡು ಶಲ್ಯದಿಂದ ಮುಚ್ಚಿ, "ಒಂದ್ನಿಮಿಷ ಸ್ವಾಮಿ" ಅಂದರು.

"ಲಗ್ನ ಕಾಯಲ್ಲ ಯಜಮಾನ್ರೇ" ಅಂದರು ಪುರೋಹಿತರು.

ನಾನು "ರೀ" ಎಂದು ಕರೆದೆ. ಓಲಗ ಜೋರಾಗಿತ್ತು. ಇನ್ನೊಮ್ಮೆ ಕರೆದೆ. ಅವರು ತಲೆಯೆತ್ತದೆ ನನ್ನ ಕಡೆ ಒಂದು ಬೆರಳು ತೋರಿಸಿದರು, ಸ್ವಲ್ಪ ತಡಿ ಎನ್ನುವ ಹಾಗೆ. ಅದನ್ನು ನಾನೊಬ್ಬಳೇ ನೋಡಲಿಲ್ಲ. ಹುಡುಗಿಯೂ ನೋಡಿದಳು, ನಾದಿನಿಯೂ ನೋಡಿದಳು, ಮುಂದಿನ ಸಾಲಿನಲ್ಲಿ ಕುಳಿತಿದ್ದ ಬೀಗರೆಲ್ಲ ನೋಡಿದರು. ಗಂಡಿನ ಕಡೆಯ ಒಬ್ಬ ಅಜ್ಜಿ ಪಕ್ಕದವಳನ್ನು, "ಯಾಕವ್ವಾ, ಹೆಣ್ಣಿಗೆ ಸೋದರ್ಮಾವ ಇಲ್ವಾ?" ಎಂದು ಕೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸುವುದು ಎಂದರೆ ಏನೆಂದು ಅವತ್ತು ತಿಳಿಯಿತು. ಕೈಯಲ್ಲಿ ಕಳಸ ಇತ್ತು. ಬಿಟ್ಟು ಓಡುವ ಹಾಗಿರಲಿಲ್ಲ.

ನಾದಿನಿ ಅಣ್ಣನ ಕಡೆ ಮತ್ತೆ ನೋಡಲಿಲ್ಲ. ಕಂಬದ ಹತ್ತಿರ ನಿಂತಿದ್ದ ಅವಳ ದೊಡ್ಡಪ್ಪನ ಮಗನ ಕಡೆ ತಿರುಗಿದಳು. ನನಗೆ ಭಾವ ಆಗಬೇಕು, ಕೊಬ್ಬರಿ ವ್ಯಾಪಾರ ಅವರದು. ಪಾಪ, ಅಕ್ಷತೆ ಹಾಕಿ ಊಟ ಮಾಡಿ ಬಸ್ಸು ಹಿಡಿಯೋಣವೆಂದು ಬಂದಿದ್ದವರು, ಸಾದಾ ಶರಟು ಪ್ಯಾಂಟಿನಲ್ಲಿದ್ದರು.

"ಅಣ್ಣಯ್ಯ, ನೀನೇ ಬಾ" ಅಂದಳು.

ಅವರು ಗಾಬರಿಯಾಗಿ ಇವರತ್ತ ನೋಡಿದರು. ಹಿಂದಿನಿಂದ ಯಾರೋ ಅವರನ್ನು ತಳ್ಳಿದರು. ಇನ್ಯಾರೋ ಕುರ್ಚಿಯ ಮೇಲಿದ್ದ ಪೇಟ ತೆಗೆದು ಅವರ ತಲೆಗೆ ಇಟ್ಟರು. ಅವರು ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಹುಡುಗಿಯ ತೋಳು ಹಿಡಿದರು.

ಅಷ್ಟು ಹೊತ್ತಿಗೆ ಲೆನ್ಸು ಕೂತಿತು. ಇವರು ಎದ್ದರು. ಓಡಿ ಬಂದು ಆ ತೋಳನ್ನು ತಾವು ಹಿಡಿಯುತ್ತಾರೆ, ಇನ್ನೂ ಹೊತ್ತು ಮೀರಿಲ್ಲ ಎಂದುಕೊಂಡೆ. ಆದರೆ ಅವರು ಕ್ಯಾಮೆರಾವನ್ನು ಕಣ್ಣಿಗೆ ಇಟ್ಟುಕೊಂಡರು. ನಮ್ಮ ಮುಂದೆ ಹಿಂದುಹಿಂದಕ್ಕೆ ನಡೆಯುತ್ತಾ ಫೋಟೋ ತೆಗೆಯತೊಡಗಿದರು. ಕೈಯಾಡಿಸಿ "ಸ್ವಲ್ಪ ನಿಧಾನ" ಎಂದರು. ಆಮೇಲೆ, "ಈ ಕಡೆ ನೋಡಮ್ಮ" ಎಂದರು. ಹುಡುಗಿ ನೋಡಿದಳು.

ತಾಳಿ ಕಟ್ಟಿಯಾದ ಮೇಲೆ ಬೆವರು ಒರೆಸಿಕೊಳ್ಳುತ್ತಾ ನನ್ನ ಹತ್ತಿರ ಬಂದರು. ಮುಖ ಅರಳಿತ್ತು. "ಎಂಥಾ ಎಂಟ್ರಿ ಸಿಕ್ತು ಗೊತ್ತಾ" ಅಂದರು. ನನಗೆ ಅವರ ಮುಖ ನೋಡಲಾಗಲಿಲ್ಲ. ಊಟದ ಹಾಲಿನಲ್ಲಿ ಬೀಗರ ಹೆಂಗಸರು ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು, ತುಂಬಾ ಮರ್ಯಾದೆಯಿಂದ, ಯಾರೂ ಒಂದು ಮಾತು ಆಡದೆ ನನ್ನ ಎಲೆಗೆ ಹೋಳಿಗೆ ಹಾಕಿಸಿದರು. ಬೈದಿದ್ದರೆ ಚೆನ್ನಾಗಿತ್ತು.

ಮನೆಗೆ ಬಂದ ಮೇಲೆ ನಾನು ಬಾಯಿಗೆ ಬಂದ ಹಾಗೆ ಅಂದೆ. ಮೊದಲು ಅವರಿಗೆ ಅರ್ಥವೇ ಆಗಲಿಲ್ಲ.

"ನಾನು ಬರ್ತಾ ಇದ್ನಲ್ಲೇ. ಒಂದ್ನಿಮಿಷ ಕಾಯೋಕಾಗ್ಲಿಲ್ವಾ ಅವ್ರಿಗೆ? ಲೆನ್ಸ್ ಓಪನ್ ಇತ್ತು ಕಣೇ, ಹಂಗೇ ಬಿಟ್ ಬರೋಕಾಗತ್ತಾ?"

"ಬಂದ್ರಲ್ಲ ಆಮೇಲೆ. ಬಂದು ಏನ್ ಮಾಡಿದ್ರಿ? ಪಿಚ್ಚರ್ ತೆಗೆದ್ರಿ" ಅಂದೆ.

ಅವರು ಕಂಪ್ಯೂಟರ್ ಮುಂದೆ ಕುಳಿತು ಫೋಟೋಗಳನ್ನು ಒಂದೊಂದಾಗಿ ನೋಡುತ್ತಾ ಹೋದರು. ಒಂದು ಕಡೆ ನಿಂತರು. ಆ ಫೋಟೋ ನಾನೂ ನೋಡಿದೆ. ಸುಳ್ಳು ಯಾಕೆ ಹೇಳಲಿ, ಅಷ್ಟು ಚೆಂದದ ಮದುವೆಯ ಫೋಟೋವನ್ನು ನಾನು ಎಲ್ಲೂ ನೋಡಿಲ್ಲ. ಹಿಂದಿನ ಜನವೆಲ್ಲ ಮಸುಕಾಗಿ ಬರೀ ಬಣ್ಣವಾಗಿ ಕರಗಿದ್ದರು. ಮಧ್ಯದಲ್ಲಿ ಹುಡುಗಿಯ ಮುಖ, ಬಾಸಿಂಗದ ಒಂದೊಂದು ಮಣಿ, ತುಟಿಯ ಮೇಲಿನ ಬೆವರ ಹನಿ. ಅವಳ ತೋಳಿನ ಮೇಲೆ ಕೊಬ್ಬರಿ ಭಾವನ ಕೈ, ಆ ಕೈಯ ಉಗುರಿನ ಸಂದಿಯ ಕೊಳೆ ಸಹ ಕಾಣುತ್ತಿತ್ತು. ಅವಳು ನೇರವಾಗಿ ನಮ್ಮನ್ನೇ ನೋಡುತ್ತಿದ್ದಳು.

ಇವರು ಅವಳ ಕಣ್ಣನ್ನು ದೊಡ್ಡದು ಮಾಡಿದರು. ಇನ್ನೂ ದೊಡ್ಡದು ಮಾಡಿದರು. ಒಂದೊಂದು ರೆಪ್ಪೆಯೂ ಬೇರೆಯಾಗಿ ಕಾಣಿಸಿತು.

"ಬೇಜಾರಾಗವ್ಳಾ? ನೋಡಿ ಹೇಳು" ಅಂದರು.

ಅಷ್ಟು ದೊಡ್ಡ ಕ್ಯಾಮೆರಾಕ್ಕೂ ಅದನ್ನು ಹೇಳಲಾಗಲಿಲ್ಲ. ನನಗೂ ಹೇಳಲಾಗಲಿಲ್ಲ. ಅವಳನ್ನು ಅಳುವ ಕೂಸಾಗಿದ್ದಾಗಿನಿಂದ ನೋಡಿದ ಮನುಷ್ಯ ಹೀಗೆ ಗಾಜಿನ ಪರದೆಯ ಮೇಲೆ ಬೆರಳಿಟ್ಟು ಕೇಳುತ್ತಾರಲ್ಲ ಎಂದು ಸಿಟ್ಟೂ ಬಂತು, ಸಂಕಟವೂ ಆಯಿತು.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಇವರು ಆಲ್ಬಂ ಮಾಡಿಸಿಕೊಂಡು, ಹಣ್ಣು ಸ್ವೀಟು ಕಟ್ಟಿಸಿಕೊಂಡು ತಂಗಿಯ ಮನೆಗೆ ಹೊರಟರು. ನಾನೂ ಜೊತೆಗೆ ಹೋದೆ. ನಾದಿನಿ ಮುದ್ದೆ ಮಾಡಿ, ಅವರೆಕಾಳು ಸಾರು ಮಾಡಿ ಬಡಿಸಿದಳು. ಇವರು ಮುದ್ದೆ ಮುರಿಯುತ್ತಾ, ತಲೆ ತಗ್ಗಿಸಿಕೊಂಡೇ, "ಅವತ್ತು ಹಂಗಾಗ್ಬಾರ್ದಿತ್ತು ಕಣವ್ವ" ಅಂದರು.

"ಬುಡಣ್ಣ, ಆಗೋಯ್ತು. ಇನ್ನೊಂಚೂರ್ ಸಾರ್ ಬುಡ್ಲಾ?" ಅಂದಳು.

ಅಷ್ಟೇ. ಜಗಳವಿಲ್ಲ, ಅಳುವಿಲ್ಲ. ಹೊರಡುವಾಗ ಎಂದಿನಂತೆ ಕಾಯಿ, ಹುರುಳಿಕಾಳು ಕಟ್ಟಿಕೊಟ್ಟಳು, ನನಗೆ ಕುಂಕುಮ ಇಟ್ಟಳು. ನಾವು ಹಗುರಾಗಿ ತುಮಕೂರಿಗೆ ಬಂದೆವು.

ಮುಂದಿನ ಸಲ ಹೋದಾಗ ಆ ಫೋಟೋ ಅವರ ಹಾಲಿನ ಗೋಡೆಯ ಮೇಲಿತ್ತು. ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಟಿವಿಯ ಮೇಲ್ಗಡೆ ತೂಗುಹಾಕಿದ್ದರು. ಹುಡುಗಿಯೂ ಕೊಬ್ಬರಿ ಭಾವನೂ. ತಲೆಯ ಮೇಲೆ ಇವರ ಪೇಟ. ಆವತ್ತು ಅಲ್ಲಿಗೆ ಬಂದಿದ್ದ ನೆಂಟರ ಹೆಂಗಸೊಬ್ಬಳು ಕಾಫಿ ಲೋಟ ಹಿಡಿದು ಫೋಟೋ ನೋಡುತ್ತಾ, "ಇವ್ರು ಮಗೀನ ಸೋದರ್ಮಾವನಾ?" ಅಂದಳು.

"ಹೂಂ, ನಮ್ಮಣ್ಣಯ್ಯ. ಫೋಟೋ ತೆಗ್ದಿರೋದು ಈ ಅಣ್ಣ. ಎಷ್ಟ್ ಚೆನ್ನಾಗ್ ತೆಗ್ದವ್ನೆ ಅಲ್ವಾ" ಅಂದಳು ನಾದಿನಿ.

ಅವಳ ದನಿಯಲ್ಲಿ ಕೊಂಕು ಹುಡುಕಿದೆ. ಇರಲಿಲ್ಲ. ಅಣ್ಣನ ಕೈಚಳಕದ ಬಗ್ಗೆ ನಿಜವಾದ ಹೆಮ್ಮೆ ಇತ್ತು. ನಾನು ಕಾಫಿಗೆ ಸಕ್ಕರೆ ಸಾಲದು ಎಂಬ ನೆಪ ಮಾಡಿ ಅಡುಗೆಮನೆಗೆ ಹೋದೆ. ಅಂದಿನಿಂದ ಆ ಮನೆಗೆ ಹೋದಾಗಲೆಲ್ಲ ಟಿವಿಗೆ ಬೆನ್ನು ಮಾಡಿ ಕುಳಿತುಕೊಳ್ಳುವುದು ಅಭ್ಯಾಸವಾಯಿತು. ಇವರು ಮಾತ್ರ ಎದುರಿಗೇ ಕೂರುತ್ತಾರೆ.

ಚಿಕ್ಕವಳಿಗೆ ಗಂಡುಮಗುವಾಯಿತು. ಮೊನ್ನೆ ಆ ಮಗುವಿನ ಜವಳ, ಅಂದರೆ ಮೊದಲ ಕೂದಲು ತೆಗೆಸುವುದು. ಅದಕ್ಕೂ ಸೋದರಮಾವ ಬೇಕು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಮೊದಲ ಕುಚ್ಚು ಕತ್ತರಿಸುವವನು ಅವನೇ. ನಮ್ಮ ಹುಡುಗಿಯರಿಗೆ ಅಣ್ಣತಮ್ಮಂದಿರಿಲ್ಲ. ಹಾಗಾದಾಗ ಅವರ ಸೋದರಮಾವನೇ ಕೂರುವುದು ನಮ್ಮಲ್ಲಿ ರೂಢಿ. ದೊಡ್ಡವಳ ಮಗುವಿಗೆ ಇವರೇ ಕುಳಿತಿದ್ದರು, ಅದು ಇವರ ಪಂಚೆ ಒದ್ದೆ ಮಾಡಿತ್ತು.

ನಾದಿನಿ ಫೋನ್ ಮಾಡಿ, "ಕುಣಿಗಲ್ಲಲ್ಲೇ, ಬೀಗರ ಮನೇಲೇ ಮಾಡ್ತಾವ್ರೆ. ಅಣ್ಣನ್ನ ಕರ್ಕೊಂಡು ಬೇಗ ಬಾ ಅತ್ತಿಗೆ" ಅಂದಳು. ಫೋನ್ ಇಟ್ಟ ಮೇಲೆ ಇವರು ಎದ್ದು, ಟೇಬಲ್ಲಿನ ಮೇಲಿದ್ದ ಕ್ಯಾಮೆರಾವನ್ನು ಚೀಲಕ್ಕೆ ಹಾಕಿ, ಚೀಲವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು.

"ಈ ಸಲ ಅದು ಬೇಡ ಕಣೇ" ಅಂದರು.

ಹೊಸ ಪಂಚೆ ತಂದರು. ಮಗುವಿಗೆ ಬೆಳ್ಳಿಯ ಉಡಿದಾರ ತಂದೆವು. ಹೊರಟ ದಿನ ದಾರಿಯುದ್ದಕ್ಕೂ ಅದೇ ಮಾತು. "ಅಳ್ದೇ ಇರೋ ಹಂಗೆ ಹೆಂಗ್ ಹಿಡ್ಕೊಳೋದು? ಕತ್ತರಿ ಅವ್ರೇ ಇಟ್ಟಿರ್ತಾರಾ?" ನಾನು ಮಡಿಲಲ್ಲಿದ್ದ ಬ್ಯಾಗನ್ನೇ ಮಗುವಿನ ಹಾಗೆ ಹಿಡಿದು ತೋರಿಸಿದೆ. ಇಬ್ಬರೂ ನಕ್ಕೆವು.

ಬೀಗರ ಮನೆಯ ಮುಂದೆ ಶಾಮಿಯಾನ ಹಾಕಿದ್ದರು. ನಾವು ಒಳಗೆ ಹೋಗುವಷ್ಟರಲ್ಲಿ ಮಣೆ ಹಾಕಿಯಾಗಿತ್ತು. ಕ್ಷೌರದವರು ಬಟ್ಟಲಲ್ಲಿ ನೀರಿಟ್ಟುಕೊಂಡು ಕುಳಿತಿದ್ದರು. ಮಣೆಯ ಮೇಲೆ ಕೊಬ್ಬರಿ ಭಾವ, ಈ ಸಲ ಅವರೂ ಪಂಚೆಯಲ್ಲಿ. ಅವರ ತೊಡೆಯ ಮೇಲೆ ಮಗು.

ನಾದಿನಿ ನನ್ನನ್ನು ಪಕ್ಕಕ್ಕೆ ಕರೆದಳು. "ಹಸೆಗೆ ಯಾರ್ ಕರ್ಕೊಂಡ್ ಬಂದಿದ್ರೋ ಅವ್ರೇ ಕೂತ್ಕೋಬೇಕು ಅಂದ್ರು ಅತ್ತಿಗೆ, ಇವ್ರ ಕಡೆ ಶಾಸ್ತ್ರ ಅಂತೆ. ನಾನೇನ್ ಹೇಳ್ಲಿ" ಅಂದಳು. ಅವಳ ತಪ್ಪೇನೂ ಇರಲಿಲ್ಲ. ಬೀಗರ ತಪ್ಪೂ ಇರಲಿಲ್ಲ. ಅವರು ಕಣ್ಣಾರೆ ನೋಡಿದ್ದನ್ನು ಹೇಳಿದ್ದರು.

ಅಷ್ಟರಲ್ಲಿ ನಮ್ಮ ಹುಡುಗಿ ಆರತಿ ತಟ್ಟೆ ಹಿಡಿದು ಬಂದವಳು ಇವರನ್ನು ಕಂಡು ನಕ್ಕಳು. "ಬಂದ್ರಾ ಮಾವ? ಸದ್ಯ. ಎಲ್ಲಿ ಕ್ಯಾಮೆರಾ, ಹೊರಗೆ ಬಿಟ್ರಾ? ಬೇಗ ತಗೊಂಬನ್ನಿ, ಶುರು ಮಾಡ್ತಾರೆ."

"ತಂದಿಲ್ಲ ಕಣಮ್ಮ" ಅಂದರು ಇವರು.

"ಅಯ್ಯೋ, ಯಾಕ್ ಮಾವ? ನೀವ್ ಬರ್ತೀರಲ್ಲ ಅಂತ ಫೋಟೋದವ್ರಿಗೆ ಹೇಳೇ ಇಲ್ಲ ನಾವು."

ಅವಳ ಮುಖ ಬಾಡಿತು. ಕಂಪ್ಯೂಟರಿನ ಪರದೆಯ ಮೇಲೆ ಎಷ್ಟು ದೊಡ್ಡದು ಮಾಡಿ ನೋಡಿದರೂ ಕಾಣದೇ ಹೋದದ್ದು ಈಗ ಎರಡು ಮಾರು ದೂರದಿಂದ ನನಗೆ ಕಾಣಿಸಿತು. ಅವಳಿಗೆ ಮಾವನ ಮೇಲೆ ಯಾವ ಬೇಜಾರೂ ಉಳಿದಿರಲಿಲ್ಲ. ಮಾವ ಎಂದರೆ ಕ್ಯಾಮೆರಾ ಎಂದು ಅವಳು ಯಾವತ್ತೋ ಒಪ್ಪಿಕೊಂಡುಬಿಟ್ಟಿದ್ದಳು.

ನನ್ನ ಪರ್ಸಿನಲ್ಲೂ ಆ ಚಿಕ್ಕ ಕ್ಯಾಮೆರಾ ಇರಲಿಲ್ಲ. "ಮರ್ತೋಯ್ತು ಕಣಮ್ಮ" ಅಂದರು. ಹುಡುಗಿ, "ಹೋಗ್ಲಿ ಬಿಡಿ ಮಾವ" ಎಂದು ಮಣೆಯ ಕಡೆ ನಡೆದಳು.

ಕತ್ತರಿ ನೋಡಿ ಮಗು ಕಿರುಚತೊಡಗಿತು. ಸುತ್ತ ಇದ್ದವರೆಲ್ಲ ಫೋನು ಎತ್ತಿ ಹಿಡಿದರು. ಇವರು ಹೊಸ ಪಂಚೆಯಲ್ಲಿ, ಮಣೆಗೆ ಎದುರಾಗಿ, ಎರಡೂ ಕೈ ಇಳಿಬಿಟ್ಟುಕೊಂಡು ನಿಂತಿದ್ದರು. ಮಗುವಿನ ಮೇಲಿನ ಕಣ್ಣು ತೆಗೆದಿರಲಿಲ್ಲ. ಗಂಡಿನ ಕಡೆಯ ಒಬ್ಬರು ಹಿಂದಿನಿಂದ ಇವರ ಭುಜ ಮುಟ್ಟಿ, ಮರ್ಯಾದೆಯಾಗಿಯೇ ಹೇಳಿದರು:

"ಸ್ವಾಮಿ, ಸ್ವಲ್ಪ ಪಕ್ಕಕ್ ಬರ್ತೀರಾ? ಫೋಟೋಗೆ ಅಡ್ಡ ಆಗ್ತಾ ಇದೀರ."

ಇವರು ಸರಿದು ನಿಂತರು. ನಾನೂ ಸರಿದೆ.